ಮನೆ ಬಂತು, ದಾರಿ ಎಲ್ಲಿ?

ಹೋಟೆಲಿನ ಬಾಗಿಲು ಹಾಕಿದ ಮೇಲೆ ಅದೇ ಬೆಂಚುಗಳ ಮೇಲೆ ಮಲಗಿ ದಿನ ಕಳೆದವರು ನಾವು. ಇಂದು ನಮ್ಮಲ್ಲಿ ಹಲವರಿಗೆ ಡೊಂಬಿವಲಿ, ಕಲ್ಯಾಣಗಳಲ್ಲಿ ಒಂದು ಕೋಣೆ, ಒಂದು ಅಡಿಗೆಮನೆ ಇದೆ. ಊರಿನಿಂದ ಹೆಂಡತಿ ಮಕ್ಕಳು ಬಂದು ಜೊತೆಗಿದ್ದಾರೆ. ಮುಂಬಯಿಯೊಳಗೆ ಈ ಬಾಡಿಗೆಗೆ ಮನೆ ಸಿಗುವುದುಂಟೆ? ಇದು ಸಣ್ಣ ಲಾಭವಲ್ಲ.

ಆದರೆ ನಾವು ತೆರುವ ಬೆಲೆಯೂ ಸಣ್ಣದಲ್ಲ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಬಳಿ, ಕಿಕ್ಕಿರಿದ ಲೋಕಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಕನಿಷ್ಠ ನಾಲ್ವರು ಪ್ರಾಣ ಬಿಟ್ಟರು. ಅವರೂ ದುಡಿಯಲು ಹೊರಟವರೇ.

ನವಿಮುಂಬಯಿಯನ್ನು ಕಟ್ಟಲೆಂದೇ 1970ರಲ್ಲಿ ಸಿಡ್ಕೊ ಸ್ಥಾಪನೆಯಾಯಿತು. ಅಲ್ಲಿ ನಕ್ಷೆ ಮೊದಲು, ಮನೆ ಆಮೇಲೆ. ನಮ್ಮ ಕಡೆ ಮನೆಗಳು ಮೊದಲೆದ್ದವು. ನೀರು, ರಸ್ತೆ, ರೈಲುಗಳು ಹಿಂದೆ ಉಳಿದವು.

ರಾತ್ರಿ ಪಾಳಿಯವರ ಪಾಡು ಬೇರೆಯೇ. ಕೊನೆಯ ಲೋಕಲು ತಪ್ಪಿತೆಂದರೆ ಮತ್ತೆ ಅದೇ ಬೆಂಚು! ಮನೆಯಿದ್ದೂ ಮಕ್ಕಳ ಮುಖ ಕಾಣದ ಸಂಸಾರ ಯಾವ ಸುಖ?

ಆದುದರಿಂದ ರೈಲ್ವೆಯವರು ಗಾಡಿಗಳನ್ನು ಹೆಚ್ಚಿಸಬೇಕು. ಮಾಲಿಕರು ಕೊನೆಯ ಗಾಡಿ ಸಿಗುವಷ್ಟು ಬೇಗ ಬಿಡಬೇಕು. ಇದು ಬೇಡಿಕೆಯೇ ಹೊರತು ಭಿಕ್ಷೆಯಲ್ಲ. ಒಬ್ಬನೇ ಕೇಳಿದರೆ ಕೆಲಸ ಹೋದೀತು; ಎಲ್ಲರೂ ಸೇರಿ ಕೇಳೋಣ. ಅಲ್ಲಿಯವರೆಗೆ, ಬಂಧುಗಳೇ, ಬಾಗಿಲಲ್ಲಿ ನೇತಾಡಬೇಡಿ. ತಡವಾದರೆ ಒಂದು ದಿನದ ಸಂಬಳ ಕಡಿತವಾದೀತು. ಬಿದ್ದರೆ ಮನೆಯೇ ಬಿದ್ದಂತೆ.