ಎಷ್ಟನೇ ಪ್ಲೇಸ್ ಬಂತು?

ಭಾನುವಾರ ಎಂಟಿಬಿ ರೇಸಿಗೆ ಹೋಗಿ ಸೋಮವಾರ ಕ್ಲಾಸಿಗೆ ಬಂದರೆ ಎಲ್ಲರೂ ಕೇಳೋದು ಒಂದೇ: "ಎಷ್ಟನೇ ಪ್ಲೇಸ್ ಬಂತು?" ಮೂವತ್ತರ ಆಚೆ ಅಂದರೆ ಮುಂದಿನ ಪ್ರಶ್ನೆ ರೆಡಿ: "ಮತ್ಯಾಕೋ ಹೋಗ್ತೀಯ?" ಕೇಳೋರನ್ನ ಬೈದು ಪ್ರಯೋಜನ ಇಲ್ಲ. ಸಿಇಟಿ ರ‍್ಯಾಂಕಿನಿಂದ ಸಿಜಿಪಿಎವರೆಗೆ ನಮ್ಮನ್ನೆಲ್ಲ ಅಳೆದಿರೋದೇ ನಂಬರಿನಲ್ಲಿ. ಆದರೆ ಹವ್ಯಾಸಿ ಮೌಂಟನ್ ಬೈಕಿಂಗ್‌ಗೂ ಅದೇ ಅಳತೆಗೋಲು ಹಿಡಿದರೆ ಆ ಆಟದಲ್ಲಿ ಇರೋ ಒಳ್ಳೇದೆಲ್ಲ ಕೈತಪ್ಪಿ ಹೋಗುತ್ತೆ ಅನ್ನೋದು ನನ್ನ ವಾದ.

ಕ್ರಾಸ್ ಕಂಟ್ರಿ ರೇಸ್ ಅಂದರೆ ಕೆಲವೇ ಕಿಲೋಮೀಟರಿನ ಕಲ್ಲುಮಣ್ಣಿನ ದಾರಿಯನ್ನು ಹಲವು ಸುತ್ತು ಹಾಕೋದು. ಅಂತರರಾಷ್ಟ್ರೀಯ ರೇಸುಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಮುಂದಿರುವವನ ಮೊದಲ ಲ್ಯಾಪ್ ಸಮಯದ 80%ಗಿಂತ ಹೆಚ್ಚು ಹಿಂದೆ ಬಿದ್ದವರನ್ನು ರೇಸಿನಿಂದ ಹೊರಗೆ ಕರೀತಾರೆ. ಲ್ಯಾಪ್ 10 ನಿಮಿಷದ್ದಾದರೆ 8 ನಿಮಿಷ ಹಿಂದುಳಿದರೆ ಕಥೆ ಮುಗೀತು. ಕಿರಿದಾದ ದಾರಿಯಲ್ಲಿ ವೇಗದವರಿಗೆ ಅಡ್ಡ ಆಗಬಾರದು ಅನ್ನೋದು ಅದರ ಲೆಕ್ಕ, ಅಲ್ಲಿಗೆ ಸರಿ. ನಾನು ಓಡಿಸಿರೋ ಹವ್ಯಾಸಿ ರೇಸುಗಳಲ್ಲಿ ಮಾತ್ರ ಹಿಂದಿನವರು ಕೂಗಿದಾಗ ಬದಿಗೆ ಸರಿದು ದಾರಿ ಬಿಟ್ಟರೆ ಸಾಕು, ಕೊನೆಯವರಿಗೂ ಮುಗಿಸೋ ಹಕ್ಕಿದೆ. ಗೆದ್ದವರೇ ನಿಂತು ಚಪ್ಪಾಳೆ ಹೊಡೀತಾರೆ.

ಕಲಿಯೋದೂ ಆ ಸುತ್ತುಗಳಲ್ಲೇ. ಟೈರಲ್ಲಿ ಗಾಳಿ ಜಾಸ್ತಿಯಾದರೆ ಚಕ್ರ ಕಲ್ಲಿನ ಮೇಲೆ ಪುಟಿಯುತ್ತೆ, ಹಿಡಿತ ಹೋಗುತ್ತೆ. ತೀರಾ ಕಮ್ಮಿ ಮಾಡಿದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್. ನಮ್ಮ ಬಯಲುಸೀಮೆಯಲ್ಲಾದರೆ ಜಾಲಿಮುಳ್ಳು ಬೇರೆ. ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ ಬ್ರೇಕ್ ಹಿಡೀಬೇಕು, ಯಾಕಂದರೆ ಟೈರಿಗೆ ಇರೋ ಘರ್ಷಣೆ ಇಷ್ಟೇ. ಅದನ್ನ ನಿಲ್ಲೋಕೆ ಖರ್ಚು ಮಾಡಿದರೆ ತಿರುಗೋಕೆ ಉಳಿಯಲ್ಲ. ಮೆಕ್ಯಾನಿಕ್ಸ್ ಪೇಪರಲ್ಲಿ ಬರೆದಾಗ ಇದು ಐದು ಮಾರ್ಕ್ಸ್. ಇಳಿಜಾರಲ್ಲಿ ಮೊಣಕಾಲಿನ ಚರ್ಮ.

ಈ ಆಟ ಹುಟ್ಟಿದ್ದೂ ಪೋಡಿಯಮ್ಮಿಗಾಗಿ ಅಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಗೆಳೆಯರು ಹಳೇ ಸೈಕಲ್ ತಗೊಂಡು ಗುಡ್ಡದಿಂದ ಇಳಿಯೋ ಪಂದ್ಯ ಶುರು ಮಾಡಿದರು. ಹಿಂಚಕ್ರದ ಕೋಸ್ಟರ್ ಬ್ರೇಕ್ ಎಷ್ಟು ಕಾಯ್ತಿತ್ತು ಅಂದರೆ ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಇಳಿದ ಮೇಲೆ ಹೊಸದಾಗಿ ತುಂಬಬೇಕಿತ್ತು. ಅದಕ್ಕೇ ರೇಸಿನ ಹೆಸರು 'ರೀಪ್ಯಾಕ್'. ಅವರಲ್ಲೊಬ್ಬ ಜೋ ಬ್ರೀಜ್ ಮರುವರ್ಷ ಈ ಕೆಲಸಕ್ಕೆಂದೇ ಫ್ರೇಮ್ ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿಂಗ್ ಇತ್ತು! ಗ್ರೀಸ್ ಕೈಗಳಿಂದ ಒಲಿಂಪಿಕ್ಸಿಗೆ ಇಪ್ಪತ್ತೇ ವರ್ಷ.

"ಲಕ್ಷ ರೂಪಾಯಿ ಸೈಕಲ್ ಬೇಕಲ್ಲಪ್ಪ" ಅಂತೀರಾ? ಗೆಲ್ಲೋಕೆ ಬೇಕಾಗಬಹುದು, ಸುತ್ತು ಮುಗಿಸೋಕೆ ಬೇಡ. ಹೆಲ್ಮೆಟ್, ಹಿಡಿಯೋ ಬ್ರೇಕು, ಅಗಲದ ಟೈರು ಇದ್ದರೆ ಸಾಕು. ಬೀಳೋದಂತೂ ಗ್ಯಾರಂಟಿ. ಅದಕ್ಕೇ ಮೊದಲ ಸಲ ನಡೆದುಕೊಂಡು ದಾರಿ ನೋಡಿ ಬರೋದು. ಹೆದರಿಕೆ ಆದ ಕಡೆ ಇಳಿದು ಸೈಕಲ್ ತಳ್ಳಿದರೆ ಯಾರೂ ನಗಲ್ಲ. ಗುಡ್ಡ ಹುಡುಕಿಕೊಂಡು ಹಿಮಾಚಲಕ್ಕೇ ಹೋಗಬೇಕು ಅಂತಲೂ ಇಲ್ಲ. 2022ರಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ನಡೆದಿದ್ದು ನಮ್ಮ ಗದಗದಲ್ಲಿ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರಿಗೆ ಸೈಕ್ಲಿಂಗ್ ಹೊಸದೇನಲ್ಲ. ಬೆಂಗಳೂರಿನವರಿಗೇ ಅದು ದುಬಾರಿ ಶೋಕಿ ಅನ್ನೋ ಭ್ರಮೆ.

ಹಾಗಾಗಿ ಒಂದು ಪ್ರಸ್ತಾಪ. ಮುಂದಿನ ಕಾಲೇಜ್ ಫೆಸ್ಟಿನಲ್ಲಿ ಡಿಜೆಗೆ ಕೊಡೋ ದುಡ್ಡಲ್ಲಿ ಒಂದು ಪಾಲು ತೆಗೆದಿಟ್ಟು, ಹಾಸ್ಟೆಲ್ ಹಿಂದಿನ ಮಣ್ಣುದಾರಿಯಲ್ಲಿ ನಾವೇ ಒಂದು ಲ್ಯಾಪ್ ಗುರುತು ಮಾಡೋಣ. ಬೆಳಗ್ಗೆ ಪಂಕ್ಚರ್ ಹಾಕೋದು, ಗೇರ್ ಸರಿ ಮಾಡೋದು ಹೇಳಿಕೊಡೋಣ, ಮಧ್ಯಾಹ್ನ ರೇಸ್. ಆಂಬುಲೆನ್ಸ್ ಇರಲಿ, ಹೆಲ್ಮೆಟ್ ಇಲ್ಲದವರಿಗೆ ಪ್ರವೇಶ ಬೇಡ, ಸೈಕಲ್ ಯಾವುದಾದರೂ ಆಗಲಿ. ನನ್ನ ಷರತ್ತು ಒಂದೇ: ಕೊನೆಯವರು ಬಂದು ಮುಟ್ಟೋವರೆಗೆ ಫಿನಿಶ್ ಲೈನಿನ ಬ್ಯಾನರ್ ಬಿಚ್ಚಬಾರದು.