ನೀರಿಗೆ ಕೈಮುಗಿದರೆ ಸಾಕೇ?

ಪಶ್ಚಿಮ ಆಫ್ರಿಕದ ಯೊರುಬಾ ಜನರಿಗೆ ಯೆಮೊಜಾ ನದಿಯ ತಾಯಿ. ಗುಲಾಮರಾಗಿ ಬ್ರೆಜಿಲಿಗೆ ಒಯ್ಯಲ್ಪಟ್ಟವರ ಹಾಡು, ಡೋಲುಗಳಲ್ಲಿ ಆಕೆ ಕಡಲ ತಾಯಿ ಯೆಮಾಂಜಾ ಆದಳು. ಪ್ರತಿ ಫೆಬ್ರವರಿ 2ರಂದು ಸಾಲ್ವಡಾರ್ ನಗರದ ಬೆಸ್ತರು ಆಕೆಗೆ ಹೂವು ಅರ್ಪಿಸುತ್ತಾರೆ. ಕಡಲಿಗೆ ಪ್ಲಾಸ್ಟಿಕ್, ಗಾಜು ಬೇಡವೆಂಬ ದನಿಯೂ ಭಕ್ತರೊಳಗಿಂದಲೇ ಎದ್ದಿದೆ.

ಹಬ್ಶಿಕೋಟೆಯ ಗೋರಿಗಳಲ್ಲಿ ಆಫ್ರಿಕದ ನೆನಪನ್ನು ಉಳಿಸಿಕೊಂಡಿರುವ ಬೀದರಿಗೆ ಕಡಲಿಲ್ಲ, ಜಲಭಕ್ತಿಗೆ ಕೊರತೆಯಿಲ್ಲ. ಝರಣಿ ನರಸಿಂಹನ ದರ್ಶನಕ್ಕೆ ಎದೆಮಟ್ಟದ ನೀರಿನಲ್ಲಿ ಸಾಗುವುದು ಇಲ್ಲಿನ ಸಂಪ್ರದಾಯ. ನಾನಕ್ ಝೀರಾದ ನೀರು ಭಕ್ತರಿಗೆ ಅಮೃತ.

ಕಡಲೂ ದೂರವಲ್ಲ. ಭಾಲ್ಕಿ, ಔರಾದಗಳ ಮಾಂಜ್ರಾ ಗೋದಾವರಿಯನ್ನು ಕೂಡಿ ಅದನ್ನೇ ಸೇರುತ್ತದೆ. ಇಲ್ಲಿ ಎಸೆದ ಕಸಕ್ಕೂ ಅದೇ ದಾರಿ. ಝರಿಗೆ ಕೈಮುಗಿದು ಹೊಳೆಗೆ ಕೊಳಕು ಸುರಿಯುವುದು ಭಕ್ತಿಯಲ್ಲ. ನೀರು ಇಂಗುವ ಗುಡ್ಡವನ್ನೂ ಹರಿಯುವ ಹೊಳೆಯನ್ನೂ ಕಾಯುವುದೇ ಜಲಪೂಜೆಯ ಮೊದಲ ವಿಧಿ.