ಅಂಗಳದ ಹುಲ್ಲು, ಧರೆಯ ಕಾವಲು

ಮನೆಯ ಮುಂದೆ ಒಂದಿಷ್ಟು ಹಸಿರಿರಬೇಕೆಂಬ ಆಸೆ ಯಾರಿಗಿಲ್ಲ? ಹೊಸ ಮನೆ ಕಟ್ಟಿಸಿದ ನಮ್ಮ ಸದಸ್ಯರು ಈಚೆಗೆ ಅಂಗಳದಲ್ಲಿ ಕಾರ್ಪೆಟ್ ಹುಲ್ಲು ಹಾಸಿಸುವುದನ್ನು ನೋಡುತ್ತಿದ್ದೇವೆ. ಅದನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ; ಸಂಘದ ಕಚೇರಿಯ ಮುಂದೆ ಅದನ್ನು ಮೊದಲು ಹಾಸಿಸಿದವರು ನಾವೇ. ಮಳೆಗಾಲದಲ್ಲಿ ಮತ್ತೆ ಮತ್ತೆ ಕತ್ತರಿಸಬೇಕಾಯಿತು. ಅಡಿಕೆಗೇ ನೀರು ಸಾಲದ ಬೇಸಿಗೆಯಲ್ಲಿ ಅದಕ್ಕೆ ದಿನವೂ ನೀರು ಬಿಡಬೇಕಾಯಿತು. ವಾರ್ಷಿಕ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು, "ಕಾರ್ಯದರ್ಶಿಗಳೇ, ಈ ಹುಲ್ಲನ್ನು ಯಾವ ದನ ತಿನ್ನುತ್ತದೆ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಗಾದಿಗನೂರಿನಲ್ಲಿ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯ ಊರದು. ನಮ್ಮಲ್ಲಿ ಜುಲೈ ತಿಂಗಳೊಂದರಲ್ಲೇ ಬೀಳುವಷ್ಟು ಮಳೆ ಆ ಕಡೆ ವರ್ಷಕ್ಕೂ ಬೀಳುವುದಿಲ್ಲ. ಹೋದ ಬೇಸಿಗೆಯಲ್ಲಿ ಹಂಪಿ ನೋಡಲು ಹೋದವರು ಅಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ಉಳಿದೆವು. ಬಚ್ಚಲ ನೀರು ಹರಿದು ಹೋಗುವ ಕಡೆ ಲಾವಂಚದ ಬುಡಗಳು ಎದೆಯೆತ್ತರ ನಿಂತಿದ್ದವು. ಅಂಗಳದ ಅಂಚಿಗೆ ಮಜ್ಜಿಗೆಹುಲ್ಲಿನ ಸಾಲಿತ್ತು. ಆ ಉರಿಬಿಸಿಲಿನಲ್ಲೂ ಕಣ್ಣಿಗೆ ತಂಪು. ಎಷ್ಟು ದಿನಕ್ಕೊಮ್ಮೆ ನೀರು ಎಂದು ಕೇಳಿದೆವು. ಮನೆಯ ಹಿರಿಯರು ನಕ್ಕರು. "ಹುಲ್ಲಿಗ್ಯಾರು ನೀರು ಹಾಕ್ತಾರ್ರೀ? ಬಚ್ಚಲ ನೀರು ಕುಡೀತದ. ಮ್ಯಾಲೆ ಒಣಗಿದ್ರೂ ಬುಡ ಸಾಯಂಗಿಲ್ಲ. ಮಳಿ ಬಿತ್ತಂದ್ರ ಮತ್ತ ಚಿಗೀತದ" ಎಂದರು.

ಮರುದಿನ ತುಂಗಭದ್ರಾ ಅಣೆಕಟ್ಟನ್ನು ನೋಡಿದೆವು. 1953ರಲ್ಲಿ ನೀರು ನಿಂತಾಗ ಆ ಜಲಾಶಯದ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಅಡಿ. 2016ರ ಸಮೀಕ್ಷೆಯ ವೇಳೆಗೆ ಅದು 106ರಷ್ಟಕ್ಕೆ ಇಳಿದಿತ್ತು. ಉಳಿದ ಜಾಗವನ್ನು ಹೂಳು ತುಂಬಿದೆ. ಆ ಹೂಳೆಲ್ಲ ನಮ್ಮದೆಂದು ನಾವು ಹೇಳುವುದಿಲ್ಲ. ಬಯಲಿನ ಹೊಲಗಳದೂ ಗಣಿಗಳದೂ ಅದರಲ್ಲಿ ಪಾಲಿದೆ. ಆದರೆ ತುಂಗೆಯೂ ಭದ್ರೆಯೂ ಹುಟ್ಟುವುದು ನಮ್ಮ ಬೆಟ್ಟಗಳಲ್ಲಿ. ಆಷಾಢದಲ್ಲಿ ನಮ್ಮ ಹಳ್ಳಗಳು ಕೆಂಪಾಗಿ ಹರಿಯುವುದನ್ನು ಕಂಡವರು ನಾವು. ಗೊಬ್ಬರ ಕೊಂಡು, ಸಾಲ ಮಾಡಿ, ತಲೆಹೊರೆಯಲ್ಲಿ ತೋಟಕ್ಕೆ ಹೊತ್ತ ಸಾರ ಆ ಕೆಂಪು ನೀರಿನಲ್ಲಿ ಹೋಗುತ್ತಿದೆ.

ಇದಕ್ಕೆ ನಮ್ಮ ಕೈಯ ತಪ್ಪೂ ಕಾರಣ. ಮನೆಯ ಹಿಂದಿನ ಧರೆಯನ್ನು ಯಂತ್ರದಿಂದ ನೆಟ್ಟಗೆ ಕಡಿಸುತ್ತೇವೆ. ಚೊಕ್ಕಟವಾಗಿ ಕಾಣಲೆಂದು ತೋಟದ ದಾರಿಗೂ ಏರಿಗೂ ಕಳೆನಾಶಕ ಹೊಡೆದು ಮಣ್ಣನ್ನು ಬೆತ್ತಲೆ ಮಾಡುತ್ತೇವೆ. ಹುಲ್ಲೆಂದರೆ ಕಳೆ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಒಂದು ಕಡೆ ಇದ್ದ ಹುಲ್ಲನ್ನು ಹಣ ಕೊಟ್ಟು ಸಾಯಿಸುತ್ತೇವೆ. ಇನ್ನೊಂದು ಕಡೆ ಇಲ್ಲದ ಹುಲ್ಲನ್ನು ಹಣ ಕೊಟ್ಟು ಸಾಕುತ್ತೇವೆ.

ಲಾವಂಚದ ಬೇರು ಅಡ್ಡಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ ಹತ್ತು ಅಡಿಯವರೆಗೂ ಹೋಗುತ್ತದೆ. ಸಾಲಾಗಿ ನೆಟ್ಟರೆ ಬುಡಗಳು ಕೂಡಿಕೊಂಡು ಹರಿವ ನೀರಿನ ವೇಗ ತಗ್ಗಿಸುತ್ತವೆ, ಮಣ್ಣನ್ನು ಹಿಂದೆ ತಡೆಯುತ್ತವೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಇದನ್ನೇ ನೆಟ್ಟವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಹಲವು ದೇಶಗಳಿಗೆ ಇದನ್ನು ಶಿಫಾರಸು ಮಾಡಿದರು. ನಮ್ಮ ಹಿತ್ತಿಲ ಹುಲ್ಲನ್ನು ಹೊರಗಿನವರು ಹೊಗಳಿದ ಮೇಲಾದರೂ ನಾವು ಕಣ್ಣು ತೆರೆಯಬೇಡವೇ?

ನೆಡುವುದು ಸುಲಭ. ಮುಂಗಾರು ಹಿಡಿದ ಮೇಲೆ ಹಳೆಯ ಬುಡವನ್ನು ಕಿತ್ತು, ಮೂರು ನಾಲ್ಕು ತೆಂಡೆಗಳ ಸೀಳುಗಳಾಗಿ ಮಾಡಿ, ಎಲೆಯನ್ನು ಅರ್ಧ ಅಡಿಗೆ ಕತ್ತರಿಸಿ ನೆಡಬೇಕು. ಧರೆ, ಏರಿಗಳಲ್ಲಿ ಇಳಿಜಾರಿಗೆ ಅಡ್ಡಲಾಗಿ ನಾಲ್ಕರಿಂದ ಆರು ಅಂಗುಲಕ್ಕೊಂದು. ಅಂಗಳದ ಅಂದಕ್ಕಾದರೆ ಎರಡು ಮೂರು ಅಡಿಗೊಂದು ಬುಡ ಸಾಕು. ಮೊದಲ ವರ್ಷ ಸತ್ತ ಕಡೆ ಮರುನಾಟಿ ಮಾಡಬೇಕು. ಆಮೇಲೆ ವರ್ಷಕ್ಕೆ ಒಂದೆರಡು ಸಲ ಒಂದು ಅಡಿ ಬಿಟ್ಟು ಕೊಯ್ದರೆ ಆಯಿತು. ಎಳೆಯದು ದನಕ್ಕೆ, ಬಲಿತದ್ದು ಗಿಡದ ಬುಡಕ್ಕೆ ಮುಚ್ಚಿಗೆ. ಆದರೆ ಇದಕ್ಕೆ ಬಿಸಿಲು ಬೇಕು. ದಟ್ಟ ನೆರಳಿನ ತೋಟದೊಳಗೆ ನೆಟ್ಟು ಬರಲಿಲ್ಲವೆಂದು ನಮ್ಮನ್ನು ದೂರಬೇಡಿ. ಬೇರಿಗೆ ಬೆಲೆಯಿದೆಯೆಂದು ಧರೆಯ ಸಾಲನ್ನು ಅಗೆಯಲೂ ಬೇಡಿ. ಅಗೆದರೆ ನೆಟ್ಟ ಉದ್ದೇಶವೇ ಹಾಳು.

ಹುಲ್ಲಿದ್ದಲ್ಲಿ ಹಾವು ಬರುತ್ತದೆಂದು ಮನೆಯ ಹೆಂಗಸರು ಹೇಳುವುದನ್ನು ನಾವು ತಳ್ಳಿಹಾಕುವುದಿಲ್ಲ. ಬಾಗಿಲಿನಿಂದ, ಓಡಾಡುವ ದಾರಿಯಿಂದ ದೂರ ನೆಟ್ಟು, ಗಿಡ್ಡಗೆ ಕೊಯ್ದು ಇಟ್ಟರೆ ಭಯ ಕಡಿಮೆ.

ಇನ್ನೊಂದು ಎಚ್ಚರಿಕೆ. ನರ್ಸರಿಗಳಲ್ಲಿ ಈಗ ಫೌಂಟನ್ ಹುಲ್ಲೆಂಬುದು ಮಾರಾಟಕ್ಕಿದೆ. ನವಿರಾದ ತೆನೆ, ನೋಡಲು ಚೆಂದ, ಆರೈಕೆಯೂ ಬೇಡ. ಆಫ್ರಿಕಾ ಮೂಲದ ಈ ಹುಲ್ಲು ಹವಾಯಿ ದ್ವೀಪಗಳಲ್ಲಿ ಅಂಗಳ ದಾಟಿ ಕಾಡು ಹೊಕ್ಕು ಬೆಂಕಿಗೆ ಮೇವಾಗಿದೆ. ಲಂಟಾನವೂ ನಮ್ಮ ದೇಶಕ್ಕೆ ಅಂದದ ಗಿಡವಾಗಿಯೇ ಬಂದದ್ದು; ಅದನ್ನು ಕಡಿದು ಕಡಿದು ಸೋತವರಿಗೆ ಹೆಚ್ಚು ಹೇಳಬೇಕಿಲ್ಲ. ದಕ್ಷಿಣದಲ್ಲಿ ಬೆಳೆಸುವ ಲಾವಂಚ ಬೀಜದಿಂದ ಹಬ್ಬುವುದಿಲ್ಲ, ನೆಟ್ಟಲ್ಲೇ ನಿಲ್ಲುತ್ತದೆ.

ಆದ್ದರಿಂದ ಬರುವ ಮುಂಗಾರಿಗೆ ಕಚೇರಿಯ ಮುಂದಿನ ಕಾರ್ಪೆಟ್ ಹುಲ್ಲನ್ನು ತೆಗೆಸಿ ಲಾವಂಚ ನೆಡುವ ಪ್ರಸ್ತಾಪವನ್ನು ಆಡಳಿತ ಮಂಡಳಿಯ ಮುಂದೆ ಇಡಲಿದ್ದೇವೆ. ಒಪ್ಪಿಗೆ ದೊರೆತು ಬುಡ ಬಲಿತರೆ ಸದಸ್ಯರಿಗೆಲ್ಲ ಸೀಳು ಹಂಚಬಹುದು. ಅಷ್ಟರವರೆಗೆ ಕಾಯಬೇಕಿಲ್ಲ, ನೆರೆಮನೆಯ ಬಚ್ಚಲ ಬದಿಯಲ್ಲಿ ಒಂದು ಬುಡವಾದರೂ ಇದ್ದೇ ಇರುತ್ತದೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರಿಗೆ ಈಗ ಉತ್ತರ ಹೇಳಬಲ್ಲೆವು: ಈ ಹುಲ್ಲನ್ನು ದನವೂ ತಿನ್ನುತ್ತದೆ, ಧರೆಯೂ ನಿಲ್ಲುತ್ತದೆ.